ಐವತ್ತೊಂಬತ್ತು ಪುಟ, ನೂರಾ ಹದಿನೆಂಟು ಚಿತ್ರ

ಮೂವತ್ತು ವರ್ಷಗಳಿಂದ ನಾನು ನಮ್ಮ ಜನರಲ್ಲಿ ಗಂಡು ಹೆಣ್ಣು ಜೋಡಿಸುವ ಕೆಲಸ ಮಾಡುತ್ತ ಬಂದಿದ್ದೇನೆ. ಯಾರೂ ನೇಮಿಸಿದ್ದಲ್ಲ. ತವರು ಹಟ್ಟಿಕೇರಿ, ಕೊಟ್ಟ ಮನೆ ಅಮದಳ್ಳಿ. ಎರಡೂ ಕಡೆಯ ಮನೆಗಳ ಒಳಗು ಹೊರಗು ಗೊತ್ತಿದ್ದುದರಿಂದ ಜನ ಕೇಳತೊಡಗಿದರು, ನಾನು ಹೇಳತೊಡಗಿದೆ. ಮೊದಮೊದಲು ಬಾಯಲ್ಲೇ ನಡೆಯುತ್ತಿತ್ತು. ಆಮೇಲೆ ಒಂದು ನೋಟ್‌ಬುಕ್ಕು ಬಂತು. ನಾನು ಓದಿದ್ದು ಮೂರನೆಯ ಇಯತ್ತೆ. ಹೆಸರು, ಊರು, ಉದ್ಯೋಗ ಬರೆಯಲು ಅಷ್ಟು ಸಾಕು.

ಈಗ ಆ ನೋಟ್‌ಬುಕ್ಕು ಕಂಪ್ಯೂಟರಿನಲ್ಲಿ ಒಂದು ವರ್ಡ್ ಫೈಲ್ ಆಗಿದೆ. ಮಾಡಿಕೊಟ್ಟವಳು ನನ್ನ ಮೊಮ್ಮಗಳು, ಮಗನ ಮಗಳು. ಕಾರವಾರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ಪುಟ ಮಾಡಿದಳು. ಮೇಲೆ ಫೋಟೋ, ನಡುವೆ ವಿವರ, ಕೆಳಗೆ ಕುಂಡಲಿ. ಯಾರಾದರೂ ಕೇಳಿದರೆ ಪೂರ್ತಿ ಫೈಲನ್ನೇ ಅವರ ಮೊಬೈಲಿಗೆ ಕಳಿಸುವುದು, ಅವರು ತಮಗೆ ಬೇಕಾದ್ದನ್ನು ನೋಡಿಕೊಳ್ಳುವುದು. ನನ್ನ ಕಾಲಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿತು. ಕಿವಿಗೆ ಸಿಗಲಿಲ್ಲ. ಫೋನು ಜಾಸ್ತಿಯಾಯಿತು.

ಆ ಪುಟಗಳಲ್ಲಿ ಒಂದು ಅವಳದೇ. ಇಪ್ಪತ್ತೊಂಬತ್ತು ವರ್ಷ, ಬಿ.ಕಾಂ. ಉಳಿದವರ ಪುಟದಲ್ಲಿ ‘ಸುಸಂಸ್ಕೃತೆ, ಮನೆಗೆಲಸದಲ್ಲಿ ನಿಪುಣೆ’ ಎಂದು ಅವರವರ ತಂದೆತಾಯಿ ಬರೆಸಿದ್ದನ್ನು ಬರೆದಳು. ತನ್ನದರಲ್ಲಿ ಹೀಗೆ ಬರೆದುಕೊಂಡಳು: ‘ಮೀನು ಕೊಯ್ಯಲು ಬರುತ್ತದೆ. ಹಾಡಲು ಬರುವುದಿಲ್ಲ. ಬಸ್ಸಿನಲ್ಲಿ ಸೀಟು ಹಿಡಿಯಲು ಬರುತ್ತದೆ.’ ನಾನು ಬೈದೆ. ‘ಯಾರು ಓದ್ತಾರೆ ಅಜ್ಜಿ’ ಅಂದಳು. ಅದು ನಿಜವೇ ಆಗಿತ್ತು. ಏಳು ವರ್ಷಗಳಿಂದ ಗಂಡು ಹುಡುಕುತ್ತಿದ್ದೆವು, ಎಲ್ಲರೂ ನೋಡುತ್ತಿದ್ದುದು ಕೆಳಗಿನ ಕುಂಡಲಿಯನ್ನೇ. ಹನ್ನೆರಡು ಮನೆಗಳ ಆ ಚೌಕದಲ್ಲಿ ಎಂಟನೆಯ ಮನೆಯಲ್ಲಿ ಕುಜ ಕೂತಿದ್ದಾನೆ. ಅಂಥ ಹೆಣ್ಣು ಗಂಡನಿಗೆ ಆಗಿಬರುವುದಿಲ್ಲ ಎನ್ನುತ್ತಾರೆ. ಮೂರು ಕಡೆಯವರು ಅದನ್ನು ನೋಡಿ ಫೋನಿನಲ್ಲೇ ಬೇಡ ಅಂದರು. ಒಬ್ಬರು ಮನೆಯವರೆಗೂ ಬಂದು ಚಪ್ಪಲಿ ಬಿಡುವ ಮೊದಲೇ ಇನ್ನೊಮ್ಮೆ ಅದರ ವಿಷಯ ಕೇಳಿ ತಿರುಗಿ ಹೋದರು.

ಕುಜನನ್ನು ನಾನು ನಂಬುತ್ತೇನೋ ಇಲ್ಲವೋ ಎಂದು ಕೇಳಿದರೆ ಹೇಳುವುದು ಕಷ್ಟ. ನನ್ನದೂ ನನ್ನ ಗಂಡನದೂ ಕುಂಡಲಿ ಕೂಡಿದಷ್ಟು ಚೆನ್ನಾಗಿ ಯಾರದ್ದೂ ಕೂಡುವುದಿಲ್ಲ ಎಂದು ಭಟ್ಟರು ಹೇಳಿದ್ದರು. ಗಂಡ ನಲವತ್ತಾರಕ್ಕೆ ಹೋದರು. ಹೊಟ್ಟೆನೋವು ಅಂತ ಮಲಗಿದವರು ಏಳಲಿಲ್ಲ. ಆದರೆ ನನ್ನ ನಂಬಿಕೆ ಒಂದು ಕಡೆ ಇರಲಿ, ಸಂಬಂಧ ನೋಡುವಾಗ ಇದ್ದುದನ್ನು ಇದ್ದ ಹಾಗೆ ಹೇಳಬೇಕು. ಇದನ್ನು ನಾನು ಕಲಿತದ್ದು ಒಂದು ಸಲ ಹೇಳದೆ ಇದ್ದುದರಿಂದ. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಒಬ್ಬ ಗಂಡಿಗೆ ಮೂರ್ಛೆರೋಗ ಇತ್ತು. ಅವನ ತಾಯಿ ಕೈ ಹಿಡಿದು ಕೇಳಿಕೊಂಡಳು, ನಾನು ಬಾಯಿ ಮುಚ್ಚಿಕೊಂಡೆ. ಮದುವೆಯಾಗಿ ನಾಲ್ಕು ತಿಂಗಳಿಗೆ ಆ ಹುಡುಗಿ ನಮ್ಮ ಅಂಗಳಕ್ಕೆ ಬಂದಳು. ಬೈದರೆ ಆಗುತ್ತಿತ್ತು. ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು ನೀರು ಕೇಳಿದಳು, ಕುಡಿದು ಹೋದಳು. ಆಮೇಲೆ ನಾನು ಯಾರದ್ದನ್ನೂ ಮುಚ್ಚಿಲ್ಲ. ನನ್ನ ಮಾತಿನ ಮೇಲೆ ಜನ ಹೆಣ್ಣು ಕೊಡುತ್ತಾರೆ, ತರುತ್ತಾರೆ. ಆ ಮಾತು ಹೋದರೆ ನಾನು ಸುಮ್ಮನೆ ಮಂಡಿನೋವಿನ ಒಬ್ಬ ಮುದುಕಿ.

ಕಳೆದ ವರ್ಷ ಮಳೆ ಮುಗಿದ ಮೇಲೆ ಅಂಕೋಲೆಯ ಕಡೆಯ ಒಬ್ಬ ತಾಯಿ ಬೆಳಿಗ್ಗೆಯೇ ನಮ್ಮ ಮನೆಗೆ ಬಂದಳು. ನಾನು ಅಂಗಳದಲ್ಲಿ ಬಸಳೆ ಚಪ್ಪರಕ್ಕೆ ಗಳ ಕಟ್ಟಿಸುತ್ತಿದ್ದೆ. ಅವಳು ಕೂರಲಿಲ್ಲ.

‘ಅತ್ತೆ, ನನ್ನ ಮಗಳಿಗೆ ನಿಶ್ಚಯ ಆಗಿ ತಿಂಗಳಾಯ್ತು. ನಿಮಗೂ ಗೊತ್ತದೆ, ಊಟಕ್ಕೂ ಬಂದಿದ್ರಿ.’

‘ಬಂದಿದ್ದೆ. ಪಾಯಸಕ್ಕೆ ಬೆಲ್ಲ ಕಡಿಮೆ ಆಗಿತ್ತು.’

‘ಪಾಯಸ ಸುಡಲಿ! ಅವಳ ಫೋಟೋ ಇನ್ನೂ ನಿಮ್ಮ ಫೈಲಲ್ಲಿ ತಿರಗ್ತಾ ಅದೆ. ಗಂಡಿನ ಸೋದರಮಾವನ ಮೊಬೈಲಿಗೇ ಹೋಗ್ಯದೆ. ಅವರು ಕೇಳ್ತಾರೆ, ಹುಡುಗಿ ಇನ್ನೂ ಗಂಡು ನೋಡ್ತಾ ಇದ್ದಾಳಾ ಅಂತ. ಎಂತ ಹೇಳೂದು ನಾನು?’

ತಪ್ಪು ನನ್ನದೇ. ನಿಶ್ಚಯವಾದವರ ಪುಟ ತೆಗೆಸಬೇಕಿತ್ತು, ಮರೆತಿದ್ದೆ. ಹೌದು ತಪ್ಪಾಯಿತು ಅಂದೆ. ಅವಳು ಅಷ್ಟಕ್ಕೆ ಬಿಡಲಿಲ್ಲ. ಒಮ್ಮೆ ಕಳಿಸಿದ ಫೋಟೋ ವಾಪಸು ಬರುವುದಿಲ್ಲ, ಹತ್ತು ಮೊಬೈಲು ದಾಟಿ ಎಲ್ಲೆಲ್ಲಿಗೋ ಹೋಗುತ್ತದೆ, ಮನೆಯ ಹೆಣ್ಣುಮಕ್ಕಳ ಮುಖ ಯಾರ್ಯಾರು ಕೂತು ನೋಡುತ್ತಾರೋ ಎಂದು ಚಪ್ಪರ ಕಟ್ಟುವವರ ಎದುರೇ ಕೂಗಾಡಿದಳು. ಕೂಗಾಡಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ.

ಭಾನುವಾರ ಅಂಕೋಲೆಯಲ್ಲಿ ನಮ್ಮ ಜನರ ಒಂದು ದೊಡ್ಡ ಮದುವೆ ಇತ್ತು. ಅಲ್ಲಿ ಫೈಲು ಕೇಳುವವರು ಕಡಿಮೆಯೆಂದರೂ ಇಪ್ಪತ್ತು ಮಂದಿ. ಅಷ್ಟರೊಳಗೆ ಫೋಟೋಗಳೆಲ್ಲ ಹೋಗಬೇಕು ಎಂದು ನಿಶ್ಚಯಿಸಿದೆ. ಇವಳೊಬ್ಬಳದು ತೆಗೆದರೆ ನಾಳೆ ಇನ್ನೊಬ್ಬಳ ತಾಯಿ ಬರುತ್ತಾಳೆ. ಶುಕ್ರವಾರ ಮಧ್ಯಾಹ್ನದ ಬಸ್ಸು ಹತ್ತಿ ಮೊಮ್ಮಗಳ ಅಂಗಡಿಗೆ ಹೋದೆ. ಮಾಲೀಕ ಊಟಕ್ಕೆ ಮನೆಗೆ ಹೋಗಿದ್ದ. ಅವಳು ಡಬ್ಬಿ ಬಿಚ್ಚಿಟ್ಟುಕೊಂಡು ಒಂದು ಕೈಯಲ್ಲಿ ಉಣ್ಣುತ್ತ ಇನ್ನೊಂದು ಕೈಯಲ್ಲಿ ಯಾರದೋ ಅರ್ಜಿ ಟೈಪ್ ಮಾಡುತ್ತಿದ್ದಳು.

‘ಫೋನ್ ಮಾಡಿದ್ರೆ ಆಗ್ತಿತ್ತಲ್ಲ ಅಜ್ಜಿ, ಈ ಮಂಡಿ ಹೊತ್ಕಂಡು ಬರಬೇಕಾ?’

‘ಫೋನಲ್ಲಿ ಹೇಳಿದ್ರೆ ನೀ ನಾಳೆ ಅಂತಿ. ಮೊದಲು ಆ ನಿಶ್ಚಯ ಆದವಳ ಪುಟ ತೆಗಿ. ಆಮೇಲೆ ಎಲ್ಲರ ಫೋಟೋ ತೆಗಿ.’

ಅವಳು ಕೈ ತೊಳೆದು ಬಂದು ಫೈಲು ತೆರೆದಳು. ಆ ಪುಟ ಹೋಯಿತು. ಉಳಿದದ್ದು ಐವತ್ತೊಂಬತ್ತು.

‘ಒಂದೊಂದೇ ಫೋಟೋ ತೆಗೀತಾ ಕೂತ್ರೆ ಸಂಜೆ ಆಗ್ತದೆ. ನಂಗೆ ಇಲ್ಲಿ ಬೇರೆ ಕೆಲಸ ಅದೆ.’

‘ಒಟ್ಟಿಗೇ ತೆಗೂಕೆ ಬರೂದಿಲ್ವಾ?’

‘ಬರ್ತದೆ’ ಅಂದಳು. ಅಂದವಳು ಮೌಸಿನ ಮೇಲೆ ಕೈ ಇಟ್ಟು ನನ್ನ ಕಡೆ ತಿರುಗಿದಳು. ‘ಚಿತ್ರ ಎಲ್ಲಾ ಒಟ್ಟಿಗೇ ಹೋಗ್ತವೆ. ತೆಗೀಲಾ? ಖರೇನಾ?’

‘ಖರೇ ಸುಳ್ಳು ಎಂತದೇ ಅದರಲ್ಲಿ, ತೆಗಿ. ನಂಗೆ ಮೂರರ ಬಸ್ಸಿಗೆ ಹೋಗಬೇಕು.’

ಮೊದಲು ಹಳೆಯ ಫೈಲಿನ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡಳು. ಆಮೇಲೆ ಒಂದು ಸಣ್ಣ ಚೌಕ ತೆರೆಯಿತು. ಹುಡುಕಬೇಕಾದ್ದನ್ನು ಬರೆಯುವ ಜಾಗದಲ್ಲಿ ಟೋಪಿಯಂಥ ಒಂದು ಗುರುತು ಹಾಕಿ ಅದರ ಪಕ್ಕಕ್ಕೆ ಇಂಗ್ಲಿಷಿನ ಒಂದು ಸಣ್ಣ ಜಿ ಹಾಕಿದಳು. ಹಾಗೆ ಬರೆದರೆ ಚಿತ್ರ ಎಂದು ಅರ್ಥವಂತೆ. ಅದರ ಬದಲಿಗೆ ಏನು ಬೇಕು ಎಂದು ಕೇಳುವ ಕೆಳಗಿನ ಜಾಗ ಖಾಲಿ ಬಿಟ್ಟಳು. ಏನೂ ಬೇಡ ಎಂದರೆ ಚಿತ್ರ ಹೋಗಿ ಆ ಜಾಗದಲ್ಲಿ ಏನೂ ಬರುವುದಿಲ್ಲ. ‘ರಿಪ್ಲೇಸ್ ಆಲ್’ ಒತ್ತಿದಳು. ನಾನು ಬಾಗಿಲು ಬಾಗಿಲಿಗೆ ಹೋಗಿ ಇಸಕೊಂಡು ಬಂದಿದ್ದ ಫೋಟೋಗಳು ಒಂದು ಸೀನು ಬರುವಷ್ಟರಲ್ಲಿ ಹೋದವು. ಕಂಪ್ಯೂಟರು ಏನೋ ಹೇಳಿತು.

‘ಎಂತ ಹೇಳ್ತದೆ ಅದು?’

‘ನೂರಾ ಹದಿನೆಂಟು ಕಡೆ ಬದಲಿ ಮಾಡಿದೆ ಅಂತದೆ.’

ಒಂದು ಪುಟದ ಮೇಲ್ಭಾಗ ತೋರಿಸಿದಳು. ಫೋಟೋ ಇದ್ದ ಜಾಗ ಬೆಳ್ಳಗಿತ್ತು. ಕೆಳಗೆ ಇಳಿಸಿ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಅಲ್ಲೇ ಕೇಳಬೇಕಿತ್ತು. ತೆಂಗಿನಕಾಯಿ ಇರಲಿ, ಬಂಗಡೆ ಇರಲಿ, ಜೋಡಿ ಜೋಡಿಯಾಗಿ ಎಣಿಸುವುದರಲ್ಲಿ ನನ್ನ ಜನ್ಮ ಕಳೆದಿದೆ. ಐವತ್ತೊಂಬತ್ತು ಮಂದಿಯ ಫೋಟೋ ತೆಗೆದರೆ ನೂರಾ ಹದಿನೆಂಟು ಹೇಗೆ ಹೋಗುತ್ತವೆ ಎಂದು ಹೊಳೆಯಲಿಲ್ಲ. ಬಸ್ಸಿನ ಚಿಂತೆ, ಮಂಡಿಯ ಚಿಂತೆ.

ಭಾನುವಾರದ ಮದುವೆಯಲ್ಲಿ ಫೈಲು ಇಪ್ಪತ್ತಕ್ಕಿಂತ ಹೆಚ್ಚು ಮೊಬೈಲುಗಳಿಗೆ ಹೋಯಿತು. ಸೋಮವಾರದಿಂದ ಫೋನು ಶುರುವಾಯಿತು. ಎಲ್ಲರಿಗೂ ಫೋಟೋದ ಸಂಕಟವೇ. ‘ಮಾವಶಿ, ಮುಖ ಇಲ್ಲದೇ ಇದ್ದ ಹೆಣ್ಣಾ ತೋರಿಸೂದು ನಮಗೆ?’ ಎಂದು ಒಬ್ಬ ಕೇಳಿದ. ಇಲ್ಲಿಯ ಕೊಂಕಣಿ ಮಾತಾಡುವವರಿಗೆ ವಯಸ್ಸಾದ ಹೆಂಗಸರೆಲ್ಲ ಮಾವಶಿಯೇ. ‘ನಿನ್ನ ಮಗನ ಮುಖವೂ ತೆಗೆಸಿದ್ದೆ, ಅದು ನಿಂಗೆ ಲಾಭವೇ ಆಯ್ತಲ್ಲ’ ಅಂದೆ. ಅವನು ನಕ್ಕ. ಉಳಿದವರು ನಗಲಿಲ್ಲ. ನಾನು ಹೇಳಿ ಹೇಳಿ ದಣಿದೆ. ಕೊನೆಗೆ ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಗದ್ದೆಯ ಕಡೆ ಹೋಗಿ ಕೂತುಬಿಡುತ್ತಿದ್ದೆ.

ಬುಧವಾರ ಮಾಜಾಳಿಯಿಂದ ಒಬ್ಬ ತಾಯಿಯ ಫೋನು ಬಂತು. ಅವಳ ಮಗ ದಿನಾ ಬಸ್ಸಿನಲ್ಲಿ ಗೋವಾದ ಒಂದು ಕಾರ್ಖಾನೆಗೆ ಹೋಗಿ ಬರುವವನು, ಮೂವತ್ಮೂರು ವರ್ಷ. ನಮ್ಮ ಮೊಮ್ಮಗಳನ್ನು ನೋಡಲು ಬರುತ್ತೇವೆ ಅಂದಳು.

‘ಪುಟ ಪೂರ್ತಿ ನೋಡಿದ್ರಾ?’ ಎಂದು ಕೇಳಿದೆ.

‘ನೋಡಿದೆವು ಮಾವಶಿ. ಹುಡುಗನಿಗೆ ಮನಸ್ಸಾಗಿದೆ.’

ಪುಟ ಪೂರ್ತಿ ನೋಡಿದ್ದಾರೆ ಅಂದರೆ ಕುಜನನ್ನೂ ನೋಡಿದ್ದಾರೆ, ನೋಡಿಯೂ ಬರುತ್ತಾರೆ ಎಂದು ನಾನು ತಿಳಿದೆ. ಏಳು ವರ್ಷಗಳಲ್ಲಿ ಹೀಗೆ ಮನಸ್ಸಾಗಿ ಬರುವವರು ಇವರೇ ಮೊದಲು. ಸೊಸೆ ಮನೆಯ ಪರದೆಗಳನ್ನೆಲ್ಲ ಒಗೆದಳು. ನೌಕಾನೆಲೆಯಲ್ಲಿ ಕೆಲಸಕ್ಕೆ ಹೋಗುವ ನನ್ನ ಮಗ ಶನಿವಾರ ರಜೆ ಹಾಕಿದ. ಮೊಮ್ಮಗಳು ಮಾತ್ರ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಸಂಕೋಚ ಅಂದುಕೊಂಡೆ.

ಶನಿವಾರ ಹನ್ನೊಂದು ಗಂಟೆಗೆ ತಾಯಿ ಮಗ ಇಬ್ಬರೇ ಬಂದರು. ತಾಯಿ ಗಟ್ಟಿ ಹೆಂಗಸು, ಮಾತು ಚುರುಕು. ಹುಡುಗ ತೆಳ್ಳಗೆ, ತಲೆಗೂದಲು ಸ್ವಲ್ಪ ಹೋಗಿದೆ. ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು, ಚಹಾ ಇಟ್ಟರು. ಮೊಮ್ಮಗಳು ಬಂದು ಕೂತಳು. ಹುಡುಗ ತಾನಾಗಿಯೇ ಮಾತು ತೆಗೆದ.

‘ನೀವು ಬಸ್ಸಲ್ಲಿ ಸೀಟು ಹೆಂಗೆ ಹಿಡಿತ್ರಿ? ಎಂಟು ವರ್ಷ ಆಯ್ತು, ನಂಗೆ ಇನ್ನೂ ಕಾರವಾರದಿಂದ ಬಂದ ಬಸ್ಸಲ್ಲಿ ಸೀಟು ಸಿಕ್ಕಿಲ್ಲ.’

‘ಬಸ್ಸು ಸ್ಟ್ಯಾಂಡಿಗೆ ತಿರುಗೂದರ ಒಳಗೇ ಕಿಟಕಿಯಿಂದ ಟವೆಲ್ ಒಗಿಬೇಕು’ ಅಂದಳು ಇವಳು. ‘ನೀವು ಬ್ಯಾಗ್ ಒಗಿತ್ರಿ ಅನ್ಸ್ತದೆ. ಬ್ಯಾಗ್ ಕಂಡಕ್ಟರು ಎತ್ತಿಡ್ತಾನೆ.’

‘ಬ್ಯಾಗೇ ಒಗಿತೆ!’ ಅಂದು ಅವನು ದೊಡ್ಡದಾಗಿ ನಕ್ಕ. ಇವಳೂ ನಕ್ಕಳು. ನನ್ನ ಮಗ ಬಾಗಿಲ ಕಡೆ ತಿರುಗಿ ಮೂಗು ಒರೆಸಿಕೊಂಡ.

ತಾಯಿ ಚಹಾದ ಲೋಟ ಕೆಳಗಿಟ್ಟಳು. ‘ಹಂಗಾದ್ರೆ ಮಾವಶಿ, ಈಗ ಕುಂಡಲಿ ಕೊಡಿ. ಪುಟದಲ್ಲಿ ಇರಲಿಲ್ವಲ್ಲ, ನಮ್ಮ ಭಟ್ಟರು ಕೇಳ್ತಾರೆ.’

ಆಗ ನನಗೆ ನೂರಾ ಹದಿನೆಂಟು ನೆನಪಾಯಿತು. ಭಟ್ಟರು ಕೈಯಲ್ಲಿ ಬರೆದ ಕುಂಡಲಿಯ ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಪುಟದ ಕೆಳಗೆ ಅಂಟಿಸಿದ್ದು. ಕಂಪ್ಯೂಟರಿಗೆ ಹುಡುಗಿಯ ಮುಖವೂ ಚಿತ್ರ, ಕುಂಡಲಿಯೂ ಚಿತ್ರ. ಒಬ್ಬೊಬ್ಬರದು ಎರಡೆರಡು ಹೋಗಿದ್ದವು.

ಹಾಳೆ ಒಳಗೆ ಇತ್ತು. ಭಟ್ಟರಿಂದ ಹೊಸದಾಗಿ ಬರೆಸಿ ಕಳಿಸುತ್ತೇನೆ ಅಂದಿದ್ದರೆ ಒಂದು ವಾರ ಸಿಗುತ್ತಿತ್ತು. ಒಂದು ವಾರದಲ್ಲಿ ಆ ಹುಡುಗ ಇನ್ನೊಮ್ಮೆ ಬಂದು ನಗುತ್ತಿದ್ದ. ಸೊಸೆ ಬಾಗಿಲ ಮರೆಯಿಂದ ನನ್ನನ್ನೇ ನೋಡುತ್ತಿದ್ದಳು. ಏನು ಹೇಳು ಎಂದು ಅವಳು ಕಣ್ಣಲ್ಲೇ ಹೇಳುತ್ತಿದ್ದಳು ಎನ್ನುವುದು ನನಗೆ ಗೊತ್ತು. ಕಟ್ಟೆಯ ಮೇಲೆ ಕೂತು ನೀರು ಕೇಳಿದ ಆ ಹುಡುಗಿಯೂ ಗೊತ್ತು.

‘ಹಾಳೆ ಕೊಡ್ತೆ. ಅದಕ್ಕಿಂತ ಮೊದಲು ಬಾಯಲ್ಲೇ ಹೇಳ್ತೆ’ ಅಂದೆ. ‘ಎಂಟರಲ್ಲಿ ಕುಜ ಅದೆ.’

‘ಮಂಗಳ?’ ಅಂದಳು ಅವಳು. ಅವರ ಕಡೆ ಕುಜನನ್ನು ಹಾಗೆ ಕರೆಯುತ್ತಾರೆ. ‘ಅದಕ್ಕೇ ತೆಗೆಸಿದ್ರಾ?’

‘ಎಲ್ಲರದ್ದೂ ಹೋಗ್ಯದೆ. ಇವಳದೊಂದೇ ಅಲ್ಲ. ಫೋಟೋ ತೆಗೂಕೆ ಹೋಗಿ ಅದೂ ಹೋಗ್ಯದೆ.’

‘ಒಬ್ಬಳದು ಮುಚ್ಚೂಕೆ ಐವತ್ತು ಜನರದ್ದು ತೆಗೆದ್ರಿ ಅನ್ನಿ. ಮಾವಶಿ ಸುಳ್ಳು ಹೇಳೂದಿಲ್ಲ ಅಂತ ನಮ್ಮ ಕಡೆ ಎಲ್ಲಾ ಹೇಳ್ತಾರೆ. ಅದನ್ನ ನಂಬಿ ಬಂದೆ ನಾನು.’

ಇದ್ದ ವಿಷಯ ಹೇಳಿಯೂ ಕಳ್ಳಿಯಾಗಿ ಕೂತಿದ್ದೆ.

‘ಅಜ್ಜಿಗೆ ಗೊತ್ತಿರಲಿಲ್ಲ’ ಅಂದಳು ಮೊಮ್ಮಗಳು. ದನಿ ಏರಿಸಲಿಲ್ಲ. ‘ಅವಳು ಫೋಟೋ ತೆಗಿ ಅಂದಿದ್ದು. ಎಲ್ಲಾ ಚಿತ್ರ ಒಟ್ಟಿಗೆ ತೆಗೆದ್ರೆ ಕುಂಡಲಿಯೂ ಹೋಗ್ತದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಒತ್ತಿದೆ. ಏಳು ವರ್ಷ ಎಲ್ಲರೂ ಆ ಚೌಕವನ್ನೇ ನೋಡಿದ್ರು. ಒಬ್ಬರಾದ್ರೂ ಬರೆದದ್ದು ಓದಿ ಬರಲಿ ಅನ್ನಿಸ್ತು. ಬಂದ್ರೆ ನಾನೇ ಹೇಳುವವಳಿದ್ದೆ. ಎರಡು ದಿನದಿಂದ ಹೇಂಗೆ ಹೇಳೂದು ಅಂತ ನೋಡ್ತಾ ಇದ್ದೆ.’

‘ನಾನು ಓದೇ ಬಂದದ್ದು’ ಅಂದ ಹುಡುಗ, ತನ್ನ ಅವಲಕ್ಕಿಯ ತಟ್ಟೆಗೆ ಹೇಳುವವನ ಹಾಗೆ.

ತಾಯಿ ಅವನ ಕಡೆ ನೋಡಿದ ನೋಟಕ್ಕೆ ಅವನ ಮಾತು ಅಲ್ಲೇ ನಿಂತಿತು. ನಾನು ಒಳಗೆ ಹೋಗಿ ಹಾಳೆ ತಂದುಕೊಟ್ಟೆ. ಅವಳು ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ತಿಳಿಸುತ್ತೇವೆ ಅಂದಳು. ಬಾಳೆಹಣ್ಣು ಮುಟ್ಟಲಿಲ್ಲ.

ಅವರು ಹೋದ ಮೇಲೆ ನಾನು ಮೊಮ್ಮಗಳಿಗೆ ಬೈಯಬೇಕು ಎಂದುಕೊಂಡೆ. ‘ನಂಗೊಂದು ಮಾತು ಹೇಳೂಕೆ ಎಂತ ಆಗಿತ್ತು ನಿಂಗೆ?’ ಅಂದೆ.

‘ಹೇಳಿದ್ರೆ ನೀ ಒತ್ತೂಕೆ ಬಿಡ್ತಿದ್ಯಾ?’

ಬಿಡುತ್ತಿರಲಿಲ್ಲ. ಅವಳು ತಟ್ಟೆಗಳನ್ನು ಎತ್ತಿದಳು. ಹಳೆಯ ಫೈಲಿನ ನಕಲು ಹಾಗೇ ಇದೆ, ಬೇಕಾದರೆ ಸೋಮವಾರ ಕುಂಡಲಿಗಳನ್ನೆಲ್ಲ ವಾಪಸು ಹಾಕುತ್ತೇನೆ ಅಂದಳು. ಆಮೇಲೆ ನೋಡುವ ಅಂದೆ. ಆ ದಿನ ನನಗೆ ಯಾವುದನ್ನೂ ನಿರ್ಧರಿಸುವ ಶಕ್ತಿ ಇರಲಿಲ್ಲ. ಬಿಸಿಲಿಗೆ ಚಾಪೆ ಎಳೆದುಕೊಂಡು ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದೆ.

ಹತ್ತು ದಿನಗಳ ಮೇಲೆ ಫೋನು ಬಂತು. ಅವತ್ತು ಮೊಮ್ಮಗಳಿಗೆ ರಜೆ. ಅಂಗಳದ ಮೂಲೆಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಬಂಗಡೆ ಕೊಯ್ಯುತ್ತಿದ್ದಳು, ಎರಡು ಬೆಕ್ಕು ಎದುರು ಕೂತಿದ್ದವು. ಮಾಜಾಳಿಯ ತಾಯಿ ಸುತ್ತಿ ಬಳಸಲಿಲ್ಲ.

‘ಮಾವಶಿ, ಭಟ್ಟರು ಬೇಡ ಅಂದ್ರು. ಇದ್ದೊಬ್ಬ ಮಗ, ನಂಗೆ ಧೈರ್ಯ ಬರೂದಿಲ್ಲ. ಅವನು ನನ್ನ ಸಂಗಡ ಮಾತು ಬಿಟ್ಟಿದ್ದಾನೆ. ಬಿಡಲಿ.’

‘ಆಯ್ತು’ ಅಂದೆ. ಇಷ್ಟು ವರ್ಷದಲ್ಲಿ ಈ ಮಾತನ್ನು ನಾನೂ ಎಷ್ಟೋ ಮನೆಗಳಿಗೆ ಮುಟ್ಟಿಸಿದ್ದೇನೆ. ಕೇಳಿದವರೆಲ್ಲ ಆಯ್ತು ಅಂತಲೇ ಅನ್ನುತ್ತಾರೆ.

ಫೋನು ಇಡುತ್ತಾಳೆ ಅಂದುಕೊಂಡರೆ ಇಡಲಿಲ್ಲ.

‘ಇನ್ನೊಂದು ಮಾತಿತ್ತು. ನನ್ನ ಮಗಳು ಮನೇಲೇ ಇದ್ದಾಳೆ. ಇವನಿಗಿಂತ ಎರಡು ವರ್ಷ ಸಣ್ಣವಳು. ಮೂಲಾ ನಕ್ಷತ್ರ. ಮಾವನಿಗೆ ಆಗೂದಿಲ್ಲ ಅಂತ ಬಂದವರೆಲ್ಲ ಹೋಗ್ತಾರೆ. ನಿಮ್ಮ ಫೈಲಲ್ಲಿ ಅವಳದೊಂದು ಪುಟ ಹಾಕ್ತ್ರಾ?’ ಆಮೇಲೆ ಸೇರಿಸಿದಳು. ‘ಈಗ ಹೆಂಗೆ ಅದೆಯೋ ಹಂಗೇ. ಚಿತ್ರ ಗಿತ್ರ ಇಲ್ಲದೇ.’

ಆಗ ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಮೊಮ್ಮಗಳು ಕೊಯ್ಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಫೋನಿನ ಮಾತು ಕೇಳಿಸುತ್ತಿತ್ತು, ನಾನು ಕಿವಿ ಮಂದ ಅಂತ ಯಾವಾಗಲೂ ಸ್ಪೀಕರಿನಲ್ಲೇ ಇಡುತ್ತೇನೆ. ಮೀನಿನ ರಕ್ತದ ಕೈಯಿಂದಲೇ ಹಾಕು ಎಂದು ಸನ್ನೆ ಮಾಡಿದಳು. ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಟೈಪ್ ಮಾಡಬೇಕಾದವಳು ಅವಳೇ.

‘ಹಾಕ್ತೆ’ ಅಂದೆ. ‘ಕುಂಡಲಿ ಇನ್ನು ಯಾರದ್ದೂ ಹಾಕೂದಿಲ್ಲ. ಆದ್ರೆ ನೋಡೂಕೆ ಬಂದವರಿಗೆ ಚಹಾ ಆರೂದರ ಒಳಗೆ ಮೂಲಾ ಅಂತ ಹೇಳೇ ಹೇಳ್ತೆ. ನಿನ್ನೆದುರಿಗೇ ಹೇಳ್ತೆ. ಒಪ್ಪಿಗೆ ಅದ್ಯಾ?’

ಆ ಕಡೆ ಎಲ್ಲೋ ಮಿಕ್ಸರ್ ತಿರುಗುವ ಸದ್ದು ಬಂತು.

‘ಒಪ್ಪಿಗೆ’ ಅಂದಳು.

‘ಹಂಗಾದ್ರೆ ಬರೆಸು. ಸುಸಂಸ್ಕೃತೆ, ನಿಪುಣೆ ಎಲ್ಲಾ ಬೇಡ. ಮೀನು ಕೊಯ್ಯೂಕೆ ಬರ್ತದಾ ಅವಳಿಗೆ?’